ಮೊದಲು ಬಟ್ ಸರಿಮಾಡು

ಇಬ್ಬರು ಮಾಜಿ ಸೈನಿಕರು ಯರಗಟ್ಟಿಯ ಚಹಾದಂಗಡಿಯಲ್ಲಿ ಕೂತರೆ ಮಾತು ಪಿಂಚಣಿಯಿಂದ ಶುರುವಾಗಿ, ಮಳೆ ಬೆಳೆ ಸುತ್ತಿ, ಕಡೆಗೆ ಎಸ್‌ಎಲ್‌ಆರ್ ರೈಫಲ್ಲಿಗೆ ಬಂದು ನಿಲ್ಲುತ್ತದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವುದರಿಂದ ಈ ಭಾಗಕ್ಕೆ ಫೌಜಿನ ನಂಟು ಹಳೆಯದು. ನಾನು ಗುಂಡು ಹೊಡೆಯುವ ಪೈಕಿಯವನಲ್ಲ, ಬಂದೂಕು ಬಿಚ್ಚಿ ಕಟ್ಟುವ ಪೈಕಿಯವನು. ಸೇನೆಯ ರಿಪೇರಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್ ಆಗಿದ್ದೆ. ಈಗ ಹಳೆಯ ಗೋದಾಮೊಂದರಲ್ಲಿ ನಾಲ್ಕಾರು ಹುಡುಗ ಹುಡುಗಿಯರಿಗೆ ಹತ್ತು ಮೀಟರ್ ಏರ್ ರೈಫಲ್ ಹೇಳಿಕೊಡುತ್ತೇನೆ. ಹಿಂಗಾಗಿ ಎರಡೂ ಕಡೆಯ ವಾದ ನನ್ನ ಕಿವಿಗೆ ಬೀಳುತ್ತದೆ. ಹಿರಿಯರದು ಎಸ್‌ಎಲ್‌ಆರ್ ಚಲೋನೋ ಇನ್ಸಾಸ್ ಚಲೋನೋ ಎಂಬ ಮುಗಿಯದ ವ್ಯಾಜ್ಯ. ಹುಡುಗರದು ಮೊಬೈಲಿನಲ್ಲಿ ಅಮೆರಿಕದ ಎಆರ್-15 ನೋಡಿ, ಅದಕ್ಕೆ ಯಾವ ಗ್ರಿಪ್ಪು, ಯಾವ ಟ್ರಿಗರ್ ಎಂಬ ಹಂಬಲ. ಇಬ್ಬರಿಗೂ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಆ ರೈಫಲ್ ನಮ್ಮ ಮನೆಗೆ ಬರುವುದಿಲ್ಲ

ಪ್ರತಿ ಸಲ ಟ್ರಿಗರ್ ಎಳೆದಾಗ ಒಂದೇ ಗುಂಡು ಹಾರಿ, ಮುಂದಿನದು ತಾನೇ ಚೇಂಬರಿಗೆ ಬಂದು ಕೂರುವ ರೈಫಲ್ಲಿಗೆ ಸೆಮಿ-ಆಟೊಮ್ಯಾಟಿಕ್ ಎನ್ನುತ್ತಾರೆ; ಹುಡುಗರ ಎಆರ್-15 ಆ ಪೈಕಿಯದು. ನಮ್ಮ ಕಾನೂನಿನಲ್ಲಿ ಅದು ನಿಷೇಧಿತ ವರ್ಗದ್ದು. ಫೌಜಿನ ಗುಂಡು ಹಿಡಿಯುವ .303 ಮತ್ತು 7.62 ಬೋರಿನ ಬೋಲ್ಟ್ ರೈಫಲ್ಲುಗಳೂ ಅದೇ ಸಾಲಿನವು. ಜಿಲ್ಲಾಧಿಕಾರಿ ಕಚೇರಿಯಿಂದ ರೈತರಿಗೆ ಸಿಗುವ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಇವು ಯಾವುವೂ ಬರುವುದಿಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಮೇಲೆ ಇಟ್ಟುಕೊಳ್ಳಬಹುದಾದ ಬಂದೂಕುಗಳೂ ಮೂರರಿಂದ ಎರಡಕ್ಕೆ ಇಳಿದಿವೆ. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ, ನಮಗಲ್ಲ. ಅವರಿಗೂ ನಿಷೇಧಿತ ಬಂದೂಕಿಗೆ ಇಲ್ಲ.

ಬದಲಾವಣೆಯ ಮಾತು ಇನ್ನೂ ಬಿಗಿ. 1959ರ ಆಯುಧ ಕಾಯ್ದೆಯ ಐದು ಮತ್ತು ಆರನೆಯ ಕಲಂ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೆ, ರೂಪ ಬದಲಿಸುವುದಕ್ಕೆ, ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಕ್ಕೆ, ಆಟಿಕೆ ಬಂದೂಕನ್ನು ನಿಜದ್ದು ಮಾಡುವುದಕ್ಕೆ, ಎಲ್ಲದಕ್ಕೂ ಲೈಸೆನ್ಸ್ ಬೇಕು. ಸೈಲೆನ್ಸರ್ ನಿಷೇಧಿತ ಬಿಡಿಭಾಗ. ನನ್ನ ಕೈಯಲ್ಲಿ ಕಸುಬಿದೆ, ಲೈಸೆನ್ಸ್ ಇಲ್ಲ; ಹಿಂಗಾಗಿ ಊರಿನವರ ಜೋಡಿ ನಳಿಗೆ ಬಂದೂಕಿನ ಸ್ಪ್ರಿಂಗ್ ಮುರಿದರೆ ನಾನು ಮುಟ್ಟುವುದಿಲ್ಲ. "ಕಾಕಾ, ನಿಮಗ ಬರ್ತೈತೆಲ್ರಿ, ಒಂದ್ ಕೈ ನೋಡ್ರಿ" ಎಂದು ತಂದವರನ್ನು ಲೈಸೆನ್ಸ್ ಇರುವ ಅಂಗಡಿಗೆ ಕಳಿಸುತ್ತೇನೆ. ಕೆಲವರು ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ಹಾಗಾದರೆ ಆಸೆ ಇದ್ದವನಿಗೆ ಏನು ದಾರಿ? 2016ರ ಆಯುಧ ನಿಯಮಗಳ ಪ್ರಕಾರ ಬೋರು .177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಹೋಲಿಸುವುದು, ಹೊಂದಿಸುವುದು, ತಿದ್ದುವುದು ಎಲ್ಲಕ್ಕೂ ಅದರಲ್ಲಿ ಬೇಕಾದಷ್ಟು ಜಾಗವಿದೆ. ಕಾಲೇಜಿನಲ್ಲಿದ್ದರೆ ಎನ್‌ಸಿಸಿ ಸೇರಿ .22 ರೈಫಲ್ಲನ್ನೂ ಹೊಡೆಯಬಹುದು.

2. ಯಾವ ಕೆಲಸಕ್ಕೆ ಎಂದು ಹೇಳದೆ ಹೋಲಿಸಬೇಡಿ

ಎಸ್‌ಎಲ್‌ಆರ್ ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ನಮ್ಮ ಮಂದಿ ಕೈಯಾರೆ ಬಳಸಿದ ಸೆಮಿ-ಆಟೊಮ್ಯಾಟಿಕ್ ಅದೇ. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303. ಆಮೇಲೆ ಬೆಲ್ಜಿಯಂನ ಎಫ್‌ಎನ್ ಮಾದರಿಯ ಮೇಲೆ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್ ಬಂತು. 7.62 ಗುಂಡು, ಇಪ್ಪತ್ತರ ಮ್ಯಾಗಜಿನ್, ಖಾಲಿ ಇದ್ದಾಗಲೇ ನಾಲ್ಕು ಕಿಲೋ ದಾಟುವ ತೂಕ. 1990ರ ದಶಕದ ಕೊನೆಗೆ 5.56ರ ಇನ್ಸಾಸ್ ಅದರ ಜಾಗಕ್ಕೆ ಬಂತು.

ಎಸ್‌ಎಲ್‌ಆರ್ ಪಕ್ಷದವರು ದೂರ ಮತ್ತು ಪೆಟ್ಟಿನ ಬಗ್ಗೆ ಮಾತಾಡುತ್ತಾರೆ. 7.62ರ ಗುಂಡು ಒಂಬತ್ತು ಗ್ರಾಮಿಗೂ ಹೆಚ್ಚು, 5.56ರದು ನಾಲ್ಕರ ಆಜುಬಾಜು. ಇನ್ಸಾಸ್ ಪಕ್ಷದವರು ನಡೆದ ದಾರಿಯ ಬಗ್ಗೆ ಮಾತಾಡುತ್ತಾರೆ: ಅದೇ ಭಾರಕ್ಕೆ ಹೆಚ್ಚು ಗುಂಡು ಒಯ್ಯಬಹುದು, ಹೆಗಲಿಗೆ ಒದೆ ಕಡಿಮೆ. ಇಬ್ಬರೂ ಖರೆ. ಒಬ್ಬ ಗುಂಡು ತಾಗಿದ ಜಾಗದಿಂದ ನೋಡುತ್ತಾನೆ, ಇನ್ನೊಬ್ಬ ಗುಂಡು ಹೊತ್ತ ಬೆನ್ನಿನಿಂದ. 2019ರಲ್ಲಿ ಸೇನೆ 7.62ರ ಸಿಗ್ 716 ರೈಫಲ್ಲುಗಳನ್ನು 72,400ರ ಲೆಕ್ಕದಲ್ಲಿ ಕೊಳ್ಳಲು ಒಪ್ಪಂದ ಮಾಡಿಕೊಂಡ ಸುದ್ದಿ ಬಂದಾಗ ಎಸ್‌ಎಲ್‌ಆರ್ ಪಕ್ಷದ ಹಿರಿಯರು ಸ್ವತಃ ತಾವೇ ಸಹಿ ಹಾಕಿದವರಂತೆ ಓಡಾಡಿದರು. "ನಾವ್ ಅಂದಿದ್ದಿಲ್ಲೇನ್?" ಎಂಬುದು ಆ ವಾರದ ಮಾತು.

ಹುಡುಗರ ಏರ್ ರೈಫಲ್ಲಿಗೂ ಇದೇ ಪ್ರಶ್ನೆ. ಸ್ಪರ್ಧೆಗೋ, ಮನೆಯ ಹಿತ್ತಲಲ್ಲಿ ಡಬ್ಬಿ ಹೊಡೆಯುವುದಕ್ಕೋ? ಓಪನ್ ಸೈಟೋ, ಪೀಪ್ ಸೈಟೋ? ಇದನ್ನು ಹೇಳದೆ "ಯಾವುದು ಬೆಸ್ಟ್" ಎಂದು ಕೇಳಿದರೆ ನಾನು ಚಹಾ ತರಿಸುತ್ತೇನೆ, ಉತ್ತರ ಕೊಡುವುದಿಲ್ಲ.

3. ಜೋರು ಹೆಚ್ಚಾದರೆ ಚಲೋ ಆಗುವುದಿಲ್ಲ

ಎಸ್‌ಎಲ್‌ಆರ್‌ನಲ್ಲಿ ಗ್ಯಾಸ್ ರೆಗ್ಯುಲೇಟರ್ ಎಂಬ ಸಣ್ಣ ಬಳೆ ಇರುತ್ತದೆ. ನಳಿಗೆಯಿಂದ ಬಂದ ಗ್ಯಾಸಿನಲ್ಲಿ ಎಷ್ಟು ಪಿಸ್ಟನ್ನಿಗೆ ಹೋಗಬೇಕು, ಎಷ್ಟು ಹೊರಗೆ ಸೋರಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಕಡಿಮೆಯಾದರೆ ಖಾಲಿ ಕೋಕಾ, ಅಂದರೆ ಹಾರಿದ ಗುಂಡಿನ ಕವಚ, ಹೊರಗೆ ಬೀಳದೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಹೆದರಿ ಪೂರ್ತಿ ಬಿಗಿ ಮಾಡಿದರೆ ರೈಫಲ್ ನಡೆಯುತ್ತದೆ, ಆದರೆ ಹೆಗಲು ನೋಯುತ್ತದೆ, ಬಿಡಿಭಾಗಗಳಿಗೆ ಸುಮ್ಮನೆ ಪೆಟ್ಟು ಬೀಳುತ್ತದೆ. ಸರಿಯಾದ ಕ್ರಮವೆಂದರೆ ರೈಫಲ್ ನಿಲ್ಲುವವರೆಗೆ ಗ್ಯಾಸ್ ಸೋರಲು ಬಿಟ್ಟು, ಅಲ್ಲಿಂದ ಒಂದೊಂದೇ ಕ್ಲಿಕ್ ತಿರುಗಿಸುತ್ತ ಬಂದು, ಕೋಕಾ ಸರಾಗ ಬೀಳತೊಡಗಿದ ಮೇಲೆ ಎರಡು ಕ್ಲಿಕ್ ಹೆಚ್ಚು ಕೊಟ್ಟು ಬಿಡುವುದು. ಕೆಲಸ ಮಾಡುವಷ್ಟು, ಮೇಲೆ ಸ್ವಲ್ಪ. ಧೂಳು ತುಂಬಿದ ದಿನ ಇನ್ನೊಂದು ಕ್ಲಿಕ್.

ಈಗಿನ ಹುಡುಗರು ಏರ್‌ಗನ್ನಿಗೆ ಗಡಸು ಸ್ಪ್ರಿಂಗ್ ಹಾಕಿಸಿ ವೇಗ ಹೆಚ್ಚಿಸಲು ನೋಡುತ್ತಾರೆ. 20 ಜೂಲ್ ದಾಟಿದರೆ ಅದು ಲೈಸೆನ್ಸ್ ಬೇಕಾದ ಆಯುಧ, ಅದು ಒಂದು. ಎರಡನೆಯದು, ಒಲಿಂಪಿಕ್ಸಿನ ಏರ್ ರೈಫಲ್ಲು ಅರ್ಧ ಗ್ರಾಮಿನ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಮಾತ್ರ ಬಿಡುತ್ತದೆ. ಪೇಟೆಯ ಸ್ಪ್ರಿಂಗ್ ಗನ್ನುಗಳು ಡಬ್ಬಿಯ ಮೇಲೆ ಅದಕ್ಕಿಂತ ಹೆಚ್ಚು ಬರೆದುಕೊಂಡಿರುತ್ತವೆ. ಗೆಲ್ಲುವುದು ನಿಧಾನದ್ದು.

4. ಮೊದಲು ಬಟ್ ಸರಿಮಾಡು

ರೈಫಲ್ಲಿಗೆ ಮಾಡಬಹುದಾದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಹೆಗಲಿಗೆ ಆನಿಸುವ ಹಿಂಭಾಗದ, ಅಂದರೆ ಬಟ್‌ನ ಅಳತೆ. ಇದು ನನ್ನ ಹಟ ಎಂದೇ ಹೇಳಿ, ಬೇಸರವಿಲ್ಲ. ಬ್ರಿಟಿಷರ ಕಾಲದ .303 ಲೀ-ಎನ್‌ಫೀಲ್ಡ್ ಬಟ್‌ಗಳಲ್ಲೇ ಗಿಡ್ಡ, ಸಾಮಾನ್ಯ, ಉದ್ದ ಎಂಬ ಅಳತೆಗಳಿದ್ದವು, ಮರದ ಮೇಲೆ ಅಕ್ಷರ ಒತ್ತಿರುತ್ತಿತ್ತು. ಎಸ್‌ಎಲ್‌ಆರ್‌ನ ಇಂಗ್ಲಿಷ್ ಅಣ್ಣ ಎಲ್1ಎ1 ರೈಫಲ್ಲಿಗೆ ನಾಲ್ಕು ಅಳತೆಯ ಬಟ್ ಇದ್ದವು. ಆರಡಿಯ ಜವಾನನಿಗೂ ಐದೂಕಾಲು ಅಡಿಯವನಿಗೂ ಒಂದೇ ಬಟ್ ಕೊಟ್ಟರೆ ಒಬ್ಬನ ಮೂಗಿಗೆ ಹೆಬ್ಬೆರಳು ಬಡಿಯುತ್ತದೆ, ಇನ್ನೊಬ್ಬನ ಕುತ್ತಿಗೆ ಕೊಕ್ಕರೆಯಂತೆ ಚಾಚುತ್ತದೆ.

ನನ್ನ ಗೋದಾಮಿಗೆ ಹೊಸಬರು ಬಂದರೆ ಮೊದಲ ದಿನ ಪೆಲೆಟ್ ಕೊಡುವುದಿಲ್ಲ. ಕಣ್ಣು ಮುಚ್ಚಿಸಿ ರೈಫಲ್ ಹೆಗಲಿಗೇರಿಸಲು ಹೇಳುತ್ತೇನೆ. ಕಣ್ಣು ತೆರೆದಾಗ ಸೈಟಿನ ತೂತು ನೇರ ಕಣ್ಣಿನ ಮುಂದೆ ಇರಬೇಕು. ಕತ್ತು ಎತ್ತಿ ಅಥವಾ ಬಗ್ಗಿಸಿ ಹುಡುಕುವಂತಾದರೆ ತಪ್ಪು ರೈಫಲ್ಲಿನದು, ಕತ್ತಿನದಲ್ಲ. ಆಗ ಕೆನ್ನೆ ಊರುವ ಚೀಕ್ ಪೀಸನ್ನು ಏರಿಸುತ್ತೇವೆ ಅಥವಾ ಇಳಿಸುತ್ತೇವೆ, ಬಟ್ ಪ್ಲೇಟನ್ನು ಹಿಂದೆ ಮುಂದೆ ಮಾಡುತ್ತೇವೆ. ಅಂಥ ಸೌಕರ್ಯವಿಲ್ಲದ ಅಗ್ಗದ ರೈಫಲ್ಲಿಗೆ ಸೈಕಲ್ ಟ್ಯೂಬಿನ ರಬ್ಬರು, ಮರದ ತೆಳು ಹಲಗೆ, ಟೇಪು ಸಾಕು. ನೋಡಲು ಚಂದ ಇರುವುದಿಲ್ಲ. ವಿಡಿಯೊ ನೋಡಿ ಬಂದ ಹುಡುಗನಿಗೆ ಇದು ಅಪಮಾನ ಅನಿಸುತ್ತದೆ: ಅವನಿಗೆ ಕರಿ ಬಣ್ಣದ ರೈಲು, ಮುಂಗೈ ಹಿಡಿ, ಲೇಸರ್ ಬೇಕು. ಮುಂದೆ ತೂಕ ಹೆಚ್ಚಿಸಿದಷ್ಟೂ ಸೊಂಟ ಹಿಂದಕ್ಕೆ ಬಾಗುತ್ತದೆ ಎಂಬುದು ಅವನಿಗೆ ಅರವತ್ತನೆಯ ಗುಂಡಿನ ಹೊತ್ತಿಗೆ ಗೊತ್ತಾಗುತ್ತದೆ. ಸ್ಪರ್ಧೆಯಲ್ಲಿ ಅರವತ್ತು ಗುಂಡು ನಿಂತೇ ಹೊಡೆಯಬೇಕು, ರೈಫಲ್ಲಿನ ಗರಿಷ್ಠ ತೂಕ ಐದೂವರೆ ಕಿಲೋ, ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್.

ಹೊಂದಿಸುವುದು ಎಂದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸಿನ ಶಾತೊರೂನಲ್ಲಿ ಪ್ಯಾರಾ ಶೂಟಿಂಗ್ ವಿಶ್ವಕಪ್ಪಿನ ಚಿನ್ನ ಗೆದ್ದರು. ಅವರದು ಎಸ್‌ಎಚ್2 ವರ್ಗ, ತೋಳಿನಿಂದ ರೈಫಲ್ಲಿನ ಭಾರ ತಡೆಯಲಾಗದವರದು. ಅಲ್ಲಿ ರೈಫಲ್ಲು ಸ್ಪ್ರಿಂಗ್ ಇರುವ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಸ್ಪ್ರಿಂಗ್ ಎಷ್ಟು ಮೆತ್ತಗಿರಬೇಕು ಎಂಬುದಕ್ಕೂ ನಿಯಮವಿದೆ. ಭಾರವನ್ನು ಸ್ಟ್ಯಾಂಡು ಹೊತ್ತರೂ ಗುರಿ ಮತ್ತು ಉಸಿರು ಶೂಟರನದೇ.

5. ಟ್ರಿಗರ್ ಮುಟ್ಟುವ ಮೊದಲು ಬೆರಳು ತಿದ್ದಿ

ಟ್ರಿಗರ್ ಹಗುರ ಮಾಡಿಕೊಡಿ ಎಂಬ ಬೇಡಿಕೆಗೆ ನನ್ನ ಉತ್ತರ ಯಾವಾಗಲೂ ಒಂದೇ: ಒಂದು ತಿಂಗಳು ಖಾಲಿ ರೈಫಲ್ ಹಿಡಿದು ಗೋಡೆಗೆ ಗುರಿಯಿಟ್ಟು ಎಳೆ, ಆಮೇಲೆ ಬಾ. ತಿಂಗಳಾದ ಮೇಲೆ ಹೆಚ್ಚಿನವರು ಬೇಡಿಕೆ ಮರೆತಿರುತ್ತಾರೆ. ಒಂದು ಎಚ್ಚರಿಕೆ: ಸ್ಪ್ರಿಂಗ್ ಏರ್‌ಗನ್ನನ್ನು ಪೆಲೆಟ್ ಇಲ್ಲದೆ ಹಾರಿಸಬಾರದು, ಪಿಸ್ಟನ್ ಸೀಲು ಹಾಳಾಗುತ್ತದೆ. ಖಾಲಿ ಎಳೆಯುವ ಮಾತು ಅಭ್ಯಾಸದ ಟ್ರಿಗರ್ ಇರುವ ಮ್ಯಾಚ್ ರೈಫಲ್ಲಿಗೆ ಮಾತ್ರ.

6. ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಹಿಡಿಯಬೇಡಿ

ಫೌಜಿನಿಂದ ಬಂದವರು ಏರ್‌ಗನ್ ಹಿಡಿದಾಗ ಇಲ್ಲೇ ಎಡವುತ್ತಾರೆ. ಎಸ್‌ಎಲ್‌ಆರ್ ಹೆಗಲಿಗೆ ಒತ್ತಿ ಹಿಡಿದು ಅವರ ಕೈಗೆ ರೂಢಿ. ಸ್ಪ್ರಿಂಗ್ ಗನ್ನಿನೊಳಗೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ನು ಹಿಂದಕ್ಕೆ, ಪಿಸ್ಟನ್ ಗಾಳಿಗೆ ಬಡಿದು ನಿಂತಾಗ ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲ ಬೇರೆ ರೀತಿ ಜಿಗಿಯುತ್ತದೆ. ಅಂಗೈ ಮೇಲೆ ಸುಮ್ಮನೆ ಮಲಗಿಸಿ ಬಿಟ್ಟರೆ ಪ್ರತಿ ಸಲ ಒಂದೇ ರೀತಿ ಜಿಗಿಯುತ್ತದೆ, ತೂತುಗಳು ಒಂದೆಡೆ ಬೀಳುತ್ತವೆ. ಈ ಎರಡು ಕಡೆಯ ಕುಲುಕಿಗೇ ಅಗ್ಗದ ಸ್ಕೋಪುಗಳ ಒಳಗಿನ ತಂತಿ ಸಡಿಲವಾಗುವುದು. ಸ್ಪರ್ಧೆಗೆ ಹೋಗುವವರಿಗೆ ಸ್ಕೋಪೇ ಬೇಡ, ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಅದಕ್ಕೆ ಅನುಮತಿಯಿಲ್ಲ.

7. ಒಂದು ಸಲಕ್ಕೆ ಒಂದೇ ಬದಲಾವಣೆ, ಐದು ಗುಂಡಿನ ಸಾಕ್ಷಿ

ಫೌಜಿನಲ್ಲಿ ಗ್ರೂಪಿಂಗ್ ಅನ್ನುತ್ತಾರೆ: ಸೈಟ್ ತಿರುಗಿಸದೆ ಐದು ಗುಂಡು, ಅವು ಎಷ್ಟು ಅಗಲದಲ್ಲಿ ಬಿದ್ದವು ಎಂದು ಅಳೆಯುವುದು. ನಡುವಿಗೆ ಬಿದ್ದವೋ ಇಲ್ಲವೋ ಎಂಬುದು ಆಮೇಲಿನ ಮಾತು, ಅದು ಝೀರೋಯಿಂಗ್. ಹುಡುಗರು ಪೆಲೆಟ್ಟಿನ ಕಂಪನಿ, ಚೀಕ್ ಪೀಸು, ಸೈಟು ಮೂರನ್ನೂ ಒಂದೇ ಸಂಜೆ ಬದಲಿಸಿ "ಈಗ ಚಲೋ ಆತ್ರಿ" ಎನ್ನುತ್ತಾರೆ. ಯಾವುದರಿಂದ ಚಲೋ ಆಯಿತು? ಅದಕ್ಕೆ ಒಂದು ಶಾಲೆಯ ನೋಟುಬುಕ್ಕು ಇಡಿಸಿದ್ದೇನೆ. ತಾರೀಖು, ಪೆಲೆಟ್, ಸೈಟಿನ ಕ್ಲಿಕ್, ಐದು ತೂತಿನ ಅಗಲ. ಕಾಗದವನ್ನೂ ಅಂಟಿಸಬೇಕು, ಏಕೆಂದರೆ ಬರೆಯುವಾಗ ಕೈ ಸುಳ್ಳು ಹೇಳುತ್ತದೆ.

ಕ್ಲಿಕ್ ಬರೆದಿಡುವುದು ಸಣ್ಣ ಮಾತಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಫೈನಲಿಗೆ ಬಂದು ಪೂರ್ವಾಭ್ಯಾಸದ ಗುಂಡು ಹೊಡೆದಾಗ ಅವರ ರೈಫಲ್ಲಿನ ಸೈಟ್ ಕದಲಿದ್ದು ಗೊತ್ತಾಯಿತು. ಆ ಕೆಲವೇ ನಿಮಿಷಗಳಲ್ಲಿ ತಿದ್ದಿಕೊಂಡು 700.5 ಅಂಕಕ್ಕೆ ಚಿನ್ನ ಗೆದ್ದರು. ತನ್ನ ರೈಫಲ್ಲನ್ನು ಅಷ್ಟು ಅರಿಯದವನು ಅಲ್ಲೇ ತನ್ನ ಕೈಯನ್ನು ಅನುಮಾನಿಸಿ ಕೆಟ್ಟುಹೋಗುತ್ತಿದ್ದ.

ಕಿತ್ತೂರು ಉತ್ಸವದ ದಿನಗಳಲ್ಲಿ ಅಮಟೂರ ಬಾಳಪ್ಪನ ಮಾತು ಬಂದೇ ಬರುತ್ತದೆ. 1824ರ ಅಕ್ಟೋಬರ್ 23ರ ಕಿತ್ತೂರು ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಹೊಡೆದವನು ಅವನೆಂದು ನಾಡು ನೆನೆಯುತ್ತದೆ. ಆ ಕಾಲದ ತೋಡೇದಾರ ಬಂದೂಕಿಗೆ ಬಾಯಿಂದ ಮದ್ದು ಗುಂಡು ತುಂಬಿ ಗಜದಿಂದ ಜಡಿಯಬೇಕಿತ್ತು. ಎರಡನೆಯ ಗುಂಡಿಗೆ ಹೊತ್ತು ಹಿಡಿಯುತ್ತಿತ್ತು. ಮ್ಯಾಗಜಿನ್ನಿನ ಇಪ್ಪತ್ತು ಗುಂಡಿನ ಭರವಸೆಯ ಮೇಲೆ ಮೊದಲನೆಯದನ್ನು ಉಡಾಫೆಯಿಂದ ಹೊಡೆಯುವ ಚಟ ಅವರಿಗೆ ಇರಲು ಸಾಧ್ಯವಿರಲಿಲ್ಲ. ನಾನು ಕಲಿಸುವಾಗ ಒಂದೊಂದೇ ಪೆಲೆಟ್ ಕೈಗೆ ಕೊಡುವುದು ಅದಕ್ಕೇ.

8. ಹಕ್ಕಿಗೂ ಬೇಡ, ಹಂದಿಗೂ ಬೇಡ

ಗೋವಿನಜೋಳಕ್ಕೆ ಹಂದಿ ನುಗ್ಗುತ್ತದೆ, ಏರ್‌ಗನ್ ಆಗುತ್ತದೇನು ಎಂದು ರೈತರು ಕೇಳುತ್ತಾರೆ. ಆಗುವುದಿಲ್ಲ. ಅರ್ಧ ಗ್ರಾಮಿನ ಪೆಲೆಟ್ ಹಂದಿಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ಹಕ್ಕಿ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಗೆ ಸಿಕ್ಕಿಬೀಳುವ ಕೆಲಸ; ನವಿಲುತೀರ್ಥದ ಪಕ್ಕದಲ್ಲಿದ್ದುಕೊಂಡು ನವಿಲಿಗೆ ಗುರಿಯಿಟ್ಟರೆ ಜೈಲೇ. ಅರುಣಾಚಲದಲ್ಲಿ 2021ರಿಂದ ಜನರೇ ತಮ್ಮ ಏರ್‌ಗನ್ನುಗಳನ್ನು ಒಪ್ಪಿಸುವ ಅಭಿಯಾನ ನಡೆಯಿತು, ಹಕ್ಕಿಗಳು ಅಷ್ಟು ಕಡಿಮೆಯಾಗಿದ್ದವು. ನನ್ನ ಗೋದಾಮಿನಲ್ಲಿ ಕಾಗದ ಬಿಟ್ಟು ಬೇರೆ ಯಾವುದಕ್ಕೆ ಗುರಿಯಿಟ್ಟರೂ ಮರುದಿನದಿಂದ ಬರುವುದು ಬೇಡ.

9. ಸಿಲಿಂಡರಿನ ತಾರೀಖು ನೋಡಿ

ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಕೊಳ್ಳುವವರು ನಳಿಗೆಯೊಳಗೆ ಇಣುಕುತ್ತಾರೆ, ಮರದ ಹೊಳಪು ಸವರುತ್ತಾರೆ, ಗಾಳಿಯ ಸಿಲಿಂಡರಿನ ಮೇಲೆ ಒತ್ತಿದ ವರ್ಷ ಮಾತ್ರ ಓದುವುದಿಲ್ಲ. ಅದಕ್ಕೆ ತಯಾರಕರು ಕೊಟ್ಟ ಅವಧಿ ಇರುತ್ತದೆ, ಅಂತರರಾಷ್ಟ್ರೀಯ ನಿಯಮದಲ್ಲಿ ಗರಿಷ್ಠ ಹತ್ತು ವರ್ಷ. ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ವ್ಯವಹಾರದಲ್ಲೇ ಕಳೆಯಿರಿ. ತುಂಬಿದ ಸಿಲಿಂಡರನ್ನು ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ: 25 ಡಿಗ್ರಿಯಲ್ಲಿ 200 ಬಾರ್ ಇದ್ದ ಒತ್ತಡ 60 ಡಿಗ್ರಿಗೆ 223ರ ಹತ್ತಿರ ಹೋಗುತ್ತದೆ. ಬೆಳಗಾವಿಗೋ ಹುಬ್ಬಳ್ಳಿಗೋ ಸ್ಪರ್ಧೆಗೆ ಹೋಗುವಾಗ ಗೋಣಿ ತಟ್ಟಿನಲ್ಲಿ ಸುತ್ತಿ ಕಾಲ ಬುಡದಲ್ಲಿ ಇಟ್ಟುಕೊಳ್ಳಿ, ಡಿಕ್ಕಿಯಲ್ಲಿ ಬೇಡ. ರೈಫಲ್ ಖರೀದಿಯ ರಸೀದಿ ಮತ್ತು ಆಧಾರ್ ಕಾರ್ಡ್ ಮೇಲಿನ ಜೇಬಿನಲ್ಲೇ ಇರಲಿ. ಚೆಕ್‌ಪೋಸ್ಟಿನ ಪೊಲೀಸರಿಗೆ ಕವರಿನೊಳಗಿರುವುದು ಏರ್ ರೈಫಲ್ಲೋ ಮತ್ತೊಂದೋ ಹೊರಗಿನಿಂದ ತಿಳಿಯುವುದಿಲ್ಲ.