ಕೈತೋಟಕ್ಕೆ ಬೀಜವನ್ನು ಎಲ್ಲಿಂದ ತರೋಣ?

ಮಳೆಗಾಲಕ್ಕೆ ಮುನ್ನ ಕೈತೋಟದ ಮಣ್ಣನ್ನು ಹದಗೊಳಿಸುವ ನಾವು ಬೀಜದ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಕು. ಬೀಜ ಮೊಳೆಯದಿದ್ದರೆ ನಷ್ಟವಾಗುವುದು ಅದರ ಬೆಲೆ ಮಾತ್ರವಲ್ಲ. ಬಿತ್ತನೆಯ ಕಾಲವೇ ಕಳೆದುಹೋಗುತ್ತದೆ.

ಅಲಸಂಡೆ, ಹರಿವೆ, ಬೆಂಡೆಗಳ ಊರ ತಳಿಗಳಿಗೆ ನೆರೆಮನೆಯೇ ಮೊದಲ ಆಸರೆ. ನಮ್ಮ ಮಣ್ಣು ಮಳೆಗಳಿಗೆ ಒಗ್ಗಿದ, ನಾವು ಕಣ್ಣಾರೆ ಕಂಡ ಗಿಡದ ಬೀಜ ಅಲ್ಲಿ ದೊರೆಯುತ್ತದೆ. ಅಲ್ಲಿ ಸಿಗದಿದ್ದರೆ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಬಹುದು.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲಿನ ಚಿತ್ರಕ್ಕೆ ಮರುಳಾಗದೆ ಚೀಟಿಯನ್ನು ಓದೋಣ. ತಳಿಯ ಹೆಸರು, ಮೊಳಕೆಯ ಪ್ರಮಾಣ, ಪರೀಕ್ಷಿಸಿದ ದಿನಾಂಕ ಇವು ಮುಖ್ಯ. ಬೆಂಡೆಯ ಪ್ರಮಾಣಿತ ಬೀಜದಲ್ಲಿ ಶೇಕಡಾ 65ರಷ್ಟಾದರೂ ಮೊಳೆಯಬೇಕೆಂಬುದು ನಿಯಮ. ಸಂಕರ ತಳಿಯಾದರೆ ಅದರ ಫಲದಿಂದ ತೆಗೆದಿಟ್ಟ ಬೀಜವು ಮರುವರ್ಷ ಅದೇ ಗುಣದ ಬೆಳೆಯನ್ನು ಕೊಡಲಾರದು. ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುವುದುಂಟು. ಮಕ್ಕಳು ಅದನ್ನು ಬಾಯಿಗೆ ಹಾಕಬಾರದು.

ಬೀಜವನ್ನು ಎಲ್ಲಿಂದ ತಂದರೂ ಪರೀಕ್ಷೆ ನಮ್ಮ ಕೈಯಲ್ಲಿದೆ. ಅಲಸಂಡೆಯ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ವಾರ ತೇವ ಆರದಂತೆ ನೋಡಿಕೊಳ್ಳೋಣ. ಎಂಟು ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ಮೂರು ನಾಲ್ಕೇ ಮೊಳೆತರೆ ಬೇರೆ ಬೀಜವನ್ನು ಹುಡುಕಲು ಇನ್ನೂ ಸಮಯವಿರುತ್ತದೆ.