ಹೋಟೆಲಿನ ಬಾಗಿಲು ಯಾರ ಆಸ್ತಿ?

ಪ್ರಶ್ನೆ: ಅಮೆರಿಕದ ಸೆನೆಟರ್ ರ‍್ಯಾಂಡ್ ಪಾಲ್ ಮೊದಲ ಸಲ ಚುನಾವಣೆಗೆ ನಿಂತಾಗ, ಕಪ್ಪು ಜನರಿಗೆ ಊಟ ಕೊಡುವುದೋ ಬಿಡುವುದೋ ಹೋಟೆಲ್ ಮಾಲೀಕನ ಇಷ್ಟ ಎಂಬರ್ಥದಲ್ಲಿ ಮಾತನಾಡಿ ದೊಡ್ಡ ಗದ್ದಲವಾಗಿತ್ತಂತೆ. ಅದು ಬಾಯಿತಪ್ಪಿ ಬಂದ ಮಾತೇ, ವರ್ಣದ್ವೇಷವೇ? ಅಷ್ಟಾದರೂ ಅವರು ಗೆದ್ದದ್ದು ಹೇಗೆ? ಆಮೇಲಾದರೂ ಅಭಿಪ್ರಾಯ ಬದಲಾಯಿತೇ?
— ಹಾಸನದ ಓದುಗರೊಬ್ಬರು

ಉತ್ತರ: ಬಾಯಿತಪ್ಪಿ ಬಂದದ್ದಲ್ಲ. ಟೀವಿಯವರು ಬಲೆ ಬೀಸಿ ಹೊಸಬನನ್ನು ಕೆಡವಿದರು ಎಂದು ಅವರ ಬೆಂಬಲಿಗರು ಆಗ ದೂರಿದ್ದುಂಟು. ಆದರೆ ಕೆಂಟಕಿಯ ಬೌಲಿಂಗ್ ಗ್ರೀನ್ ಊರಿನಲ್ಲಿ ಕಣ್ಣಿನ ಡಾಕ್ಟರಾಗಿದ್ದ ಪಾಲ್, 2002ರಲ್ಲೇ ಸ್ಥಳೀಯ ಪತ್ರಿಕೆಗೆ ಪತ್ರ ಬರೆದು, ಮನೆ ಬಾಡಿಗೆ ಮತ್ತು ಮಾರಾಟದಲ್ಲಿ ಭೇದವನ್ನು ನಿಷೇಧಿಸುವ ಕಾನೂನನ್ನು ಟೀಕಿಸಿದ್ದರು. ಖಾಸಗಿಯವರು ಮಾಡುವ ಭೇದ ಎಷ್ಟೇ ಹೇಸಿಗೆಯದಾದರೂ ಸ್ವತಂತ್ರ ಸಮಾಜ ಅದನ್ನು ಸಹಿಸಬೇಕು ಎಂಬುದು ಆ ಪತ್ರದ ತಿರುಳು. 2010ರ ಏಪ್ರಿಲ್‌ನಲ್ಲಿ ಲೂಯಿವಿಲ್‌ನ ‘ಕೊರಿಯರ್-ಜರ್ನಲ್’ ಸಂಪಾದಕರ ಮುಂದೆಯೂ ಅದನ್ನೇ ಹೇಳಿದ್ದರು. ಆಗ ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿದ್ದ ರಾನ್ ಪಾಲ್ ಅವರ ಮಗನಿಗೆ ಇದೆಲ್ಲ ಮನೆಯಲ್ಲೇ ಕಲಿತ ಪಾಠ. ಸರ್ಕಾರ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು, ಆಸ್ತಿಯ ಹಕ್ಕು ಎಲ್ಲ ಹಕ್ಕುಗಳಿಗೂ ಬುನಾದಿ ಎಂದು ಗಟ್ಟಿಯಾಗಿ ನಂಬಿದ ಮನೆತನ ಅದು.

2010ರ ಮೇ 18ರಂದು ಅವರು ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆ ಗೆದ್ದರು. ಸೋತ ಟ್ರೇ ಗ್ರೇಸನ್ ಹಿಂದೆ ಕೆಂಟಕಿ ರಾಜಕೀಯದ ದೊಡ್ಡ ದೊರೆ ಮಿಚ್ ಮೆಕಾನಲ್ ಇದ್ದರು. ಆದ್ದರಿಂದ ಆ ಗೆಲುವು ಸಣ್ಣದಾಗಿರಲಿಲ್ಲ. ಮರುದಿನ ರಾತ್ರಿ ಎಂಎಸ್‌ಎನ್‌ಬಿಸಿ ವಾಹಿನಿಯಲ್ಲಿ ನಿರೂಪಕಿ ರೇಚಲ್ ಮ್ಯಾಡೋ ಜೊತೆ ಮಾತಿಗೆ ಕೂತರು. ಸೆನೆಟ್ ಕಡೆ ತಮಗೆ ಒಲವಿದೆ ಎಂದು ಅವರು ವರ್ಷದ ಹಿಂದೆ ಪ್ರಕಟಿಸಿದ್ದು ಇದೇ ಕಾರ್ಯಕ್ರಮದಲ್ಲಿ. ಬಲೆಯ ಮಾತು ನಿಲ್ಲುವುದಿಲ್ಲ.

ಮ್ಯಾಡೋ ಕೇಳಿದ್ದು ಒಂದೇ ಪ್ರಶ್ನೆ, ಬೇರೆಬೇರೆ ಮಾತಿನಲ್ಲಿ ಮತ್ತೆಮತ್ತೆ: ಕಪ್ಪು ಜನರಿಗೆ ಬಡಿಸುವುದಿಲ್ಲ ಎನ್ನುವ ಹಕ್ಕು ಖಾಸಗಿ ಹೋಟೆಲಿಗೆ ಇರಬೇಕೇ? ವರ್ಣಭೇದ ನನಗೆ ಅಸಹ್ಯ, ಅಂಥ ಕ್ಲಬ್ಬಿಗೆ ನಾನು ಸೇರುವವನೇ ಅಲ್ಲ, 1964ರ ನಾಗರಿಕ ಹಕ್ಕುಗಳ ಕಾಯಿದೆಯ ಹತ್ತು ಭಾಗಗಳಲ್ಲಿ ಒಂಬತ್ತಕ್ಕೆ ನನ್ನ ತಕರಾರಿಲ್ಲ ಎಂದರು ಪಾಲ್. (ಆ ಕಾಯಿದೆಯಲ್ಲಿರುವುದು ಹನ್ನೊಂದು ಭಾಗ, ಇರಲಿ.) ಉಳಿದ ಆ ಒಂದೇ ಭಾಗ ಹೋಟೆಲು, ಲಾಡ್ಜು, ಚಿತ್ರಮಂದಿರಗಳ ಬಾಗಿಲನ್ನು ಎಲ್ಲರಿಗೂ ತೆರೆಸಿದ್ದು. ಅದರ ಬಗ್ಗೆ ಹೌದು, ಇಲ್ಲ ಎಂಬ ನೇರ ಉತ್ತರ ಸಿಗಲಿಲ್ಲ. ಬದಲಿಗೆ ಪಾಲ್ ಒಂದು ಮರುಪ್ರಶ್ನೆ ಎಸೆದರು: ಹೋಟೆಲನ್ನು ಸಾರ್ವಜನಿಕ ಸ್ವತ್ತು ಎನ್ನುವುದಾದರೆ, ಬಂದೂಕು ಹಿಡಿದು ಬರುವವನನ್ನೂ ಮಾಲೀಕ ಬೇಡ ಎನ್ನುವಂತಿಲ್ಲವೇ?

ಕೇಳಲು ಚುರುಕಾದ ವಾದ. ಆದರೆ ಬಂದೂಕನ್ನು ಹೊರಗಿಟ್ಟು ಬರಬಹುದು, ಚರ್ಮವನ್ನು ಬಿಟ್ಟು ಬರಲಾಗದು.

ವರ್ಣದ್ವೇಷಿಯೇ ಎಂಬ ನಿಮ್ಮ ಪ್ರಶ್ನೆಯ ಸುತ್ತಲೇ ಆಗಿನ ಚರ್ಚೆಯೂ ಗಿರಕಿ ಹೊಡೆಯಿತು. ಒಬ್ಬರ ಎದೆಯೊಳಗೆ ಏನಿದೆ ಎಂದು ತೀರ್ಪು ಕೊಡಲು ನನ್ನ ಬಳಿ ಪುರಾವೆಯಿಲ್ಲ, ಅದು ಬೇಕಾಗಿಯೂ ಇಲ್ಲ. ದ್ವೇಷವಿಲ್ಲದ ಮನುಷ್ಯನ ಬಾಯಲ್ಲೂ ಆ ವಾದ ತಪ್ಪೇ, ಏಕೆಂದರೆ ಅದು ನಿಂತಿರುವುದು ನಡೆಯದ ಚರಿತ್ರೆಯೊಂದರ ಮೇಲೆ. ದಕ್ಷಿಣದ ರಾಜ್ಯಗಳಲ್ಲಿ ಭೇದ ಮಾಲೀಕನ ಸ್ವಂತ ಇಷ್ಟವಷ್ಟೇ ಆಗಿರಲಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಕಟ್ಟಳೆ, ಬಿಳಿಯರು ಮತ್ತು ಕಪ್ಪು ಜನ ಒಂದೇ ಹೋಟೆಲಿನಲ್ಲಿ ಉಣ್ಣಬೇಕಾದರೆ ನಡುವೆ ಏಳಡಿ ಎತ್ತರದ ಗೋಡೆ ಇರಬೇಕು, ಬೀದಿಯಿಂದಲೇ ಬೇರೆ ಬಾಗಿಲಿರಬೇಕು ಎನ್ನುತ್ತಿತ್ತು. ಎಲ್ಲರಿಗೂ ಒಟ್ಟಿಗೆ ಬಡಿಸಲು ಮನಸ್ಸಿದ್ದ ಮಾಲೀಕನೇ ಅಲ್ಲಿ ಅಪರಾಧಿ. ಅಂಥ ಕಟ್ಟಳೆ ಇಲ್ಲದ ಊರುಗಳಲ್ಲೂ ಸರ್ಕಾರ ದೂರ ನಿಂತಿರಲಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದ ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕೂತ ಮೇಲೆ ಆ ಬಗೆಯ ಧರಣಿ ಊರೂರಿಗೆ ಹಬ್ಬಿತು. ಎಷ್ಟೋ ಕಡೆ ಏಳದೆ ಕೂತವರನ್ನು ಪೊಲೀಸರು ಅತಿಕ್ರಮ ಪ್ರವೇಶದ ಆರೋಪ ಹೊರಿಸಿ ಎಳೆದೊಯ್ದರು. ಮಾಲೀಕನ ‘ಬೇಡ’ ಎಂಬ ಮಾತಿಗೆ ಬಲ ತುಂಬುತ್ತಿದ್ದದ್ದು ಸರ್ಕಾರದ ಲಾಠಿಯೇ. ಸರ್ಕಾರ ನಡುವೆ ಬರಬಾರದು ಎನ್ನುವವರು ಆ ಲಾಠಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಮಾಷೆಯೆಂದರೆ ಪಾಲ್‌ಗೆ ಕೊಡಬೇಕಾದ ಉತ್ತರವನ್ನು ಕೆಂಟಕಿಯವರೇ ಒಬ್ಬರು ಬಹಳ ಹಿಂದೆ ಬರೆದಿಟ್ಟಿದ್ದರು. ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದೆಂದು 1875ರಲ್ಲೇ ಒಂದು ಕಾಯಿದೆ ಬಂದಿತ್ತು. 1883ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು, ಖಾಸಗಿಯವರ ನಡವಳಿಕೆ ಆ ಕಾಯಿದೆಗೆ ಆಧಾರವಾಗಿದ್ದ ಸಂವಿಧಾನ ತಿದ್ದುಪಡಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು. ಒಪ್ಪದೆ ಉಳಿದ ಒಬ್ಬನೇ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ಗುಲಾಮರನ್ನಿಟ್ಟುಕೊಂಡಿದ್ದ ಕೆಂಟಕಿಯ ಕುಟುಂಬದಿಂದ ಬಂದವರು. ದಾರಿಹೋಕರಿಗಾಗಿ ತೆರೆದ ಛತ್ರ, ಹೋಟೆಲು ಸ್ವಂತ ಮನೆಯಂತಲ್ಲ, ಅದು ಸಾರ್ವಜನಿಕರ ಕೆಲಸ ಹೊತ್ತ ಜಾಗ ಎಂಬುದು ಅವರ ವಾದ. ಅದು ಕಾನೂನಾಗಲು ಎಂಬತ್ತು ವರ್ಷ ಕಾಯಬೇಕಾಯಿತು. 1964ರ ಕಾಯಿದೆ ಕೂಡ ಮನೆ ಮತ್ತು ಅಂಗಡಿಯ ನಡುವೆ ಗೆರೆ ಎಳೆದೇ ಬರೆದದ್ದು: ನಿಜವಾದ ಖಾಸಗಿ ಕ್ಲಬ್ಬುಗಳನ್ನೂ, ಮಾಲೀಕ ತಾನೇ ವಾಸವಿದ್ದು ಐದು ಕೋಣೆಯವರೆಗೆ ಬಾಡಿಗೆಗೆ ಕೊಡುವ ಮನೆಯನ್ನೂ ಅದು ಮುಟ್ಟುವುದಿಲ್ಲ. 216 ಕೋಣೆಗಳ ಹಾರ್ಟ್ ಆಫ್ ಅಟ್ಲಾಂಟಾ ಮೋಟೆಲ್ ಅದೇ ವರ್ಷ ಆಸ್ತಿಯ ಹಕ್ಕಿನ ವಾದ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತ್ತು.

ನಮ್ಮವರು ಈ ವ್ಯಾಜ್ಯಕ್ಕೆ ಜಾಗವನ್ನೇ ಬಿಡಲಿಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ ಹೇಳುತ್ತದೆ. ಅಲ್ಲಿ ಖಾಸಗಿಯವರೂ ಭೇದ ಮಾಡುವಂತಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಕ್ಷೌರದಂಗಡಿ, ದೋಬಿ ಅಂಗಡಿಗಳ ಮಾತು ಬಂದಾಗ, ಹಣಕ್ಕೆ ಸೇವೆ ಕೊಡಲು ಕೂತವರೆಲ್ಲರೂ ಇದರಲ್ಲಿ ಸೇರಿದರು ಎಂದು ಅಂಬೇಡ್ಕರ್ ಬಿಡಿಸಿ ಹೇಳಿದ್ದರು. ಹಳ್ಳಿಯ ಚಹಾದಂಗಡಿಯ ಹೊರಗೆ ದಲಿತರಿಗೆಂದೇ ಇಟ್ಟ ಲೋಟವನ್ನು ಕಂಡವರಿಗೆ, ಮಾಲೀಕನ ಇಷ್ಟ ಎಂದರೆ ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಲೋಟ ಎಲ್ಲೆಡೆಯಿಂದ ಹೋಯಿತೇ ಎಂದು ಕೇಳಬೇಡಿ, ಅದಕ್ಕೆ ಇನ್ನೊಂದು ಪುಟ ಬೇಕು.

ಇನ್ನು ಗೆಲುವಿನ ಮಾತು. ಗದ್ದಲವೆದ್ದ ಒಂದೇ ದಿನದಲ್ಲಿ ಪಾಲ್ ಹಿಂದೆ ಸರಿದರು: ಕಾಯಿದೆಯನ್ನು ರದ್ದು ಮಾಡಬೇಕೆನ್ನುವುದಿಲ್ಲ, ಆಗ ಸದನದಲ್ಲಿದ್ದಿದ್ದರೆ ಪರವಾಗಿಯೇ ಮತ ಹಾಕುತ್ತಿದ್ದೆ ಎಂದರು. ಭಾನುವಾರದ ‘ಮೀಟ್ ದ ಪ್ರೆಸ್’ ಸಂದರ್ಶನಕ್ಕೆ ಒಪ್ಪಿದ್ದವರು ಕೈಕೊಟ್ಟರು. ಆ ಕಾರ್ಯಕ್ರಮದ ಚರಿತ್ರೆಯಲ್ಲೇ ಇದು ಅಪರೂಪ. ಕೆಂಟಕಿಯ ಬಹುಪಾಲು ಮತದಾರರಿಗೆ ಅಷ್ಟು ಸಾಕಾಯಿತು. ಎರಡು ವರ್ಷದ ಹಿಂದೆಯಷ್ಟೇ ಒಬಾಮಾರನ್ನು ತಿರಸ್ಕರಿಸಿದ್ದ ರಾಜ್ಯ ಅದು. ನಿರುದ್ಯೋಗ, ಬ್ಯಾಂಕುಗಳಿಗೆ ಸುರಿದ ಹಣ, ಹೊಸ ಆರೋಗ್ಯ ಕಾನೂನು, ಇವುಗಳ ಮೇಲಿನ ಸಿಟ್ಟಿನಲ್ಲಿ ಟೀ ಪಾರ್ಟಿ ಎಂಬ ಚಳವಳಿ ಉಕ್ಕುತ್ತಿತ್ತು. ಎದುರಾಳಿ ಜ್ಯಾಕ್ ಕಾನ್ವೇ ಬೇರೆ, ಕೊನೆಯ ದಿನಗಳಲ್ಲಿ ಪಾಲ್‌ರ ಕಾಲೇಜು ದಿನಗಳ ಕುಚೇಷ್ಟೆಯೊಂದನ್ನು ಕೆದಕಿ ಅವರ ದೈವಭಕ್ತಿಯನ್ನೇ ಪ್ರಶ್ನಿಸುವ ಜಾಹೀರಾತು ಹಾಕಿ, ತಮ್ಮವರಿಂದಲೂ ಛೀಮಾರಿ ಹಾಕಿಸಿಕೊಂಡರು. ಗಟ್ಟಿ ವಿಷಯ ಕೈಲಿದ್ದಾಗ ಕೀಳು ವಿಷಯಕ್ಕೆ ಕೈಹಾಕಿದ್ದು! ನವೆಂಬರ್ 2ರಂದು ಪಾಲ್ ಸುಮಾರು ಶೇ. 56 ಮತ ಪಡೆದು ಗೆದ್ದರು. ವಾದದಲ್ಲಿ ಸೋತರು, ಮತದಲ್ಲಿ ಗೆದ್ದರು ಎಂಬುದು ನನ್ನ ಲೆಕ್ಕ. ಏಕೆಂದರೆ ಅಷ್ಟು ಸದ್ದು ಮಾಡಿದ ಆ ವರ್ಷದಲ್ಲೂ 1964ರ ಆ ಭಾಗವನ್ನು ತೆಗೆಯುತ್ತೇನೆ ಎಂದು ಮತ ಕೇಳುವ ಧೈರ್ಯ ಅವರಿಗೂ ಬರಲಿಲ್ಲ.

ಅಭಿಪ್ರಾಯ ಬದಲಾಯಿತೇ ಎಂದರೆ, ನಡೆ ಒಂದೇ ದಿಕ್ಕಿನದಲ್ಲ. ಸರ್ಕಾರದ ಮೇಲಿನ ಅದೇ ಅಪನಂಬಿಕೆ ಅವರನ್ನು ಕೆಲವೊಮ್ಮೆ ಕಪ್ಪು ಜನರ ಬೇಡಿಕೆಗಳ ಪಕ್ಕಕ್ಕೇ ತಂದು ನಿಲ್ಲಿಸಿದೆ. 2020ರಲ್ಲಿ ಲೂಯಿವಿಲ್‌ನ ಬ್ರಿಯಾನಾ ಟೇಲರ್ ಪೊಲೀಸರ ಗುಂಡಿಗೆ ಸತ್ತ ಮೇಲೆ, ಬಾಗಿಲು ತಟ್ಟದೆ ಮನೆಗೆ ನುಗ್ಗುವ ವಾರಂಟುಗಳನ್ನು ನಿಲ್ಲಿಸಲು ಆಕೆಯ ಹೆಸರಿನಲ್ಲೇ ಮಸೂದೆ ತಂದವರು ಪಾಲ್. ಅದೇ ವರ್ಷ ಗುಂಪುಹತ್ಯೆ ವಿರೋಧಿ ಮಸೂದೆಯನ್ನು ತಡೆಹಿಡಿದವರೂ ಅವರೇ. 2022ರಲ್ಲಿ ತಿದ್ದಿ ತಂದ ರೂಪಕ್ಕೆ ಬೆಂಬಲ ಕೊಟ್ಟರು. ಹೋಟೆಲಿನ ವಿಷಯಕ್ಕೆ ಬಂದರೆ, 2013ರ ಏಪ್ರಿಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿರುವ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ, ತಾವು ನಾಗರಿಕ ಹಕ್ಕುಗಳ ಕಾಯಿದೆಯ ವಿರುದ್ಧ ಎಂದೂ ಇರಲಿಲ್ಲ ಎಂದು ಹೇಳಿಬಿಟ್ಟರು. ಬದಲಾದೆ ಎನ್ನಲಿಲ್ಲ.