ಬೆಳಕಿಗೆ ಆರಲು ಕಲಿಸಿದ್ದು

ನವೆಂಬರ್ 1ರ ಸಂಜೆ ನಮ್ಮೂರ ಶಾಲೆಯ ಸುಣ್ಣದ ಗೋಡೆಯ ಮೇಲೆ ಲೇಸರ್‌ನಿಂದ ‘ಕನ್ನಡ’ ಎಂದು ಬರೆಯಬೇಕಿತ್ತು. ಹಿಂದಿನ ರಾತ್ರಿ ಯಂತ್ರ ಹಚ್ಚಿ ನೋಡಿದೆ. ‘ಕ’ ಕೊನೆಯಲ್ಲಿ ಮೊಂಡಾಗಿತ್ತು, ‘ನ’ದ ತಲೆಕಟ್ಟಿಗೆ ದಾರದಂಥ ಬಾಲ ಅಂಟಿತ್ತು. ಇಡೀ ಪದ ಅದುರುತ್ತಿತ್ತು.

ಲೇಸರ್ ಷೋನಲ್ಲಿ ಗೋಡೆಯ ಮೇಲೆ ನಿಜಕ್ಕೂ ಇರುವುದು ಒಂದೇ ಚುಕ್ಕೆ. ಗ್ಯಾಲ್ವೊ ಮೋಟಾರುಗಳ ತುದಿಯ ಎರಡು ಪುಟ್ಟ ಕನ್ನಡಿಗಳು, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ, ಅದನ್ನು ಓಡಿಸುತ್ತವೆ. ಓಟ ಚುರುಕಾಗಿದ್ದರೆ ಕಣ್ಣಿಗೆ ಅದು ಗೆರೆ. ನನ್ನ ಯಂತ್ರದ ವೇಗ ಸೆಕೆಂಡಿಗೆ 30,000 ಬಿಂದು. ಅಕ್ಷರ ನಯವಾಗಿರಲೆಂದು ನಾನು ಪದಕ್ಕೆ 3,000 ಬಿಂದು ಕೊಟ್ಟಿದ್ದೆ. ಸೆಕೆಂಡಿಗೆ ಹತ್ತೇ ಸುತ್ತಾದರೆ ಅದುರದೆ ಇದ್ದೀತೆ? 1,000ಕ್ಕೆ ಇಳಿಸಿದೆ, ಮೂವತ್ತು ಸುತ್ತು ಬಂತು, ಪದ ನಿಂತಿತು. ನಮ್ಮ ಅಕ್ಷರಗಳ ದುಂಡು ತಿರುವು ಕನ್ನಡಿಗೆ ಸಲೀಸು, ಅಷ್ಟು ಬಿಂದುವೇ ಸಾಕಾಯಿತು. ಚೂಪು ಮೂಲೆಯಲ್ಲಿ ಮಾತ್ರ ಅದೇ ಬಿಂದುವನ್ನು ನಾಲ್ಕೈದು ಸಲ ಕೊಡಬೇಕು, ಇಲ್ಲವಾದರೆ ಮೂಲೆ ಸವೆದಂತೆ ಕಾಣುತ್ತದೆ.

ಬಾಲ ಮಾತ್ರ ಹೋಗಲಿಲ್ಲ. ಬೆಳಗಿನ ಜಾವ ಅಮ್ಮ ಅಂಗಳದಲ್ಲಿ ರಂಗೋಲಿ ಎಳೆಯುತ್ತಿದ್ದಳು. ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಕೈ ಕೊನೆಯ ಚುಕ್ಕಿಯನ್ನು ಮುಟ್ಟಿದ ಮೇಲೆಯೇ ಹೆಬ್ಬೆರಳು ಬಿಗಿದು ಪುಡಿ ನಿಲ್ಲುತ್ತಿತ್ತು. ಕೈ ಇನ್ನೊಂದು ಚುಕ್ಕಿಯ ಮೇಲೆ ನೆಲೆಯಾದ ಮೇಲೆಯೇ ಮತ್ತೆ ಉದುರುತ್ತಿತ್ತು. ನನ್ನ ತಪ್ಪು ಅಲ್ಲಿ ಹೊಳೆಯಿತು. ಲೇಸರಿನ ಡಯೋಡ್ ಹೇಳಿದ ಕ್ಷಣಕ್ಕೇ ಆರುತ್ತದೆ, ಹೊತ್ತುತ್ತದೆ. ಕನ್ನಡಿಗೆ ತೂಕವಿದೆ, ಅದು ಕೊಂಚ ಹಿಂದೆ ಬೀಳುತ್ತದೆ. ಕನ್ನಡಿ ‘ಕ’ ಮುಗಿಸುವ ಮೊದಲೇ ಬೆಳಕು ಆರುತ್ತಿತ್ತು, ‘ನ’ ತಲುಪುವ ಮೊದಲೇ ಹೊತ್ತುತ್ತಿತ್ತು. ಬೆಳಕಿನ ಸಂಕೇತವನ್ನು ಆರು ಬಿಂದುಗಳಷ್ಟು, ಅಂದರೆ ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗದಷ್ಟು, ತಡಮಾಡಿದೆ. ಬಾಲ ಮಾಯವಾಯಿತು, ಕೆಳಗಿನ ಒತ್ತಕ್ಷರವೂ ಬಿಡಿಯಾಗಿ ನಿಂತಿತು.

ಅವತ್ತೇ ಇನ್ನೊಂದು ಪಾಠವನ್ನೂ ಕಲಿತೆ. ಮಧ್ಯಾಹ್ನ ಒಂದು ಕನ್ನಡಿಯ ತಂತಿ ಸಡಿಲವಾಗಿ ಅದು ನಿಂತುಬಿಟ್ಟಿತು. ಪದವೆಲ್ಲ ಮಡಚಿಕೊಂಡು ಕಣ್ಣು ಕುಕ್ಕುವ ಒಂದೇ ಗೆರೆಯಾಯಿತು. ಎರಡೂ ನಿಂತಿದ್ದರೆ ಅಷ್ಟೂ ಶಕ್ತಿ ಒಂದೇ ಚುಕ್ಕೆಯಲ್ಲಿ ಕೂರುತ್ತಿತ್ತು. ಅಲ್ಲಿ ಯಾವುದಾದರೂ ಮಗುವಿನ ಕಣ್ಣಿದ್ದರೆ? ಅಂದಿನಿಂದ ಕಿರಣವನ್ನು ಜನರ ತಲೆಗಿಂತ ಬಹಳ ಎತ್ತರದಲ್ಲೇ ಹಾಯಿಸುತ್ತೇನೆ. ಕನ್ನಡಿ ನಿಂತರೆ ಲೇಸರನ್ನು ತಾನಾಗಿಯೇ ಆರಿಸುವ ಸರ್ಕ್ಯೂಟ್ ಇಲ್ಲದೆ ಯಂತ್ರ ಹಚ್ಚುವುದಿಲ್ಲ.

ಈಗ ಯಾವ ಊರಿಗೆ ಹೋದರೂ ನಾನು ಮೊದಲು ಪರೀಕ್ಷಿಸುವುದು ಬೆಳಕು ಎಷ್ಟು ಚೆನ್ನಾಗಿ ಹೊತ್ತುತ್ತದೆ ಎಂದಲ್ಲ, ಆರಬೇಕಾದಾಗ ಆರುತ್ತದೆಯೇ ಎಂದು.